ಹೊಟ್ಟೆಗೆ ಗ್ಯಾಸ್ ತುಂಬಿದಾಗ ಕಿಡ್ನಿಗೆ ಏನಾಗುತ್ತೆ? ಲ್ಯಾಪರೋಸ್ಕೋಪಿ ಬಗ್ಗೆ ಒಂದಿಷ್ಟು ಮಾತು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಮೆಟ್ರೋದಲ್ಲೋ ಕ್ಯಾಬ್‌ನಲ್ಲೋ ಓದಿಕೊಳ್ಳುವವರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಿನಲ್ಲಿ ಚುಟುಕಾಗಿ ಹೇಳಿದ ಒಂದೆರಡು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಹೊಸಬರಿಗೆ ಪರಿಚಯ: ನನ್ನ ಕೆಲಸ ಅರಿವಳಿಕೆ ಕೊಡೋದು. ಅಂದ್ರೆ ಆಪರೇಷನ್ ಥಿಯೇಟರ್‌ನಲ್ಲಿ ರೋಗಿಯ ತಲೆಯ ಹತ್ತಿರ ನಿಂತು ಬಿಪಿ, ಉಸಿರು, ಡ್ರಿಪ್ಪು, ಮೂತ್ರ ಎಲ್ಲದರ ಲೆಕ್ಕ ಇಡೋದು. ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಇಲ್ಲಿನ ಕನ್ನಡದವರಿಂದ ಬರುವ ಫೋನುಗಳಲ್ಲಿ ಒಂದು ಬಗೆ ಪದೇ ಪದೇ ಬರುತ್ತೆ. ಅಪ್ಪನೋ ಅಮ್ಮನೋ ದಾವಣಗೆರೆಯಲ್ಲೋ ಗದಗದಲ್ಲೋ ಇರ್ತಾರೆ. ಪಿತ್ತಕೋಶದಲ್ಲಿ ಕಲ್ಲು, ಇಲ್ಲಾಂದ್ರೆ ಹರ್ನಿಯಾ. ಮಗ ಹಿಂಜವಡಿಯಲ್ಲಿ, ಮಗಳು ಗಚ್ಚಿಬೌಲಿಯಲ್ಲಿ. ವಾಟ್ಸಾಪ್‌ನಲ್ಲಿ ರಿಪೋರ್ಟಿನ ಫೋಟೋ ಬರುತ್ತೆ, ಅದರಲ್ಲಿ ಕ್ರಿಯಾಟಿನಿನ್ 1.3 ಅಥವಾ 1.4. ಹಿಂದೆಯೇ ಪ್ರಶ್ನೆ: "ಡಾಕ್ಟ್ರೇ, ಲ್ಯಾಪರೋಸ್ಕೋಪಿ ಮಾಡಿಸಿದ್ರೆ ಕಿಡ್ನಿಗೆ ಹೊಡೆತ ಬೀಳುತ್ತಂತೆ, ಹೌದಾ? ಹಳೇ ತರಹ ಕೊಯ್ದು ಮಾಡಿಸೋದೇ ಒಳ್ಳೇದಾ?"

ಈ ಪ್ರಶ್ನೆಯನ್ನ ನಾನು ತಳ್ಳಿಹಾಕಲ್ಲ. ಲ್ಯಾಪರೋಸ್ಕೋಪಿ ನಡೆಯುವ ಹೊತ್ತಿನಲ್ಲಿ ಕಿಡ್ನಿಯ ಕೆಲಸ ನಿಜವಾಗಿಯೂ ಕಡಿಮೆಯಾಗುತ್ತೆ, ಮೂತ್ರ ಇಳಿದುಹೋಗುತ್ತೆ. ಆರೋಗ್ಯವಾಗಿರುವ ಕಿಡ್ನಿ ಗ್ಯಾಸ್ ಬಿಟ್ಟ ಮೇಲೆ ಕೆಲವೇ ಗಂಟೆಗಳಲ್ಲಿ ತನ್ನ ಹಳೆಯ ಲಯಕ್ಕೆ ಬರುತ್ತೆ. ಮೊದಲೇ ಬಳಲಿರುವ ಕಿಡ್ನಿಯ ಕತೆ ಬೇರೆ. ಅದರ ಮೇಲೆ ಹೆಚ್ಚು ಭಾರ ಹಾಕೋದು ಬಹಳ ಸಲ ಆ ಒಂದು ಗಂಟೆಯ ಗ್ಯಾಸ್ ಅಲ್ಲ, ಆಪರೇಷನ್ನಿನ ಹಿಂದಿನ ದಿನ ಮತ್ತು ಮುಂದಿನ ಮೂರ್ನಾಲ್ಕು ದಿನ ನಾವು ಮಾಡೋ ಕೆಲಸಗಳು. ಯಾಕೆ ಅಂತ ತಿಳಿಯೋಕೆ ಹೊಟ್ಟೆಯ ಒಳಗೆ ಏನಾಗುತ್ತೆ ಅಂತ ಮೊದಲು ನೋಡಬೇಕು.

ಹೊಟ್ಟೆಯ ಗೋಡೆ ಮತ್ತು ಕರುಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಕ್ಯಾಮೆರಾ ಒಳಗೆ ಬಿಟ್ಟರೂ ನೋಡೋಕೆ ಜಾಗ ಇರಲ್ಲ. ಅದಕ್ಕೆ ಗ್ಯಾಸ್ ತುಂಬಿ ಹೊಟ್ಟೆಯ ಗೋಡೆಯನ್ನ ಶಾಮಿಯಾನದ ಹಾಗೆ ಮೇಲೆತ್ತುತ್ತಾರೆ. ಆ ಗ್ಯಾಸ್ ಕಾರ್ಬನ್ ಡೈಆಕ್ಸೈಡ್. ಅದು ಬೆಂಕಿ ಹಿಡಿಯಲ್ಲ, ಹಾಗಾಗಿ ಒಳಗೆ ವಿದ್ಯುತ್ತಿನಿಂದ ಸುಡುವ ಉಪಕರಣ ಬಳಸಬಹುದು. ರಕ್ತದಲ್ಲಿ ಬೇಗ ಕರಗುತ್ತೆ, ಶ್ವಾಸಕೋಶದಿಂದ ಹೊರಗೆ ಹೋಗುತ್ತೆ. ಆಪರೇಷನ್ ಆದ ಮರುದಿನ ಕೆಲವರು "ಹೊಟ್ಟೆಗಿಂತ ಭುಜ ನೋಯ್ತಿದೆ" ಅಂತಾರಲ್ಲ, ಅದೂ ಇದೇ ಗ್ಯಾಸ್ ವಪೆಯನ್ನ ಕೆರಳಿಸಿದ್ದರ ಫಲ. ಹೃದಯದ ತೊಂದರೆ ಅಂತ ಹೆದರಿ ರಾತ್ರೋರಾತ್ರಿ ಫೋನ್ ಮಾಡಿದವರೂ ಇದ್ದಾರೆ.

ಗ್ಯಾಸನ್ನ ಎಷ್ಟು ಒತ್ತಡದಲ್ಲಿ ತುಂಬುತ್ತಾರೆ ಅನ್ನೋದು ಇಲ್ಲಿ ಮುಖ್ಯ. ನಿಮ್ಮ ಮನೆಯ ಬಿಪಿ ಯಂತ್ರ ತೋರಿಸುವ ಅದೇ ಅಳತೆಯಲ್ಲಿ ಹೇಳೋದಾದ್ರೆ, ಸುಮ್ಮನೆ ಮಲಗಿದಾಗ ಹೊಟ್ಟೆಯ ಒಳಗಿನ ಒತ್ತಡ 5ರ ಆಸುಪಾಸಿನಲ್ಲಿರುತ್ತೆ. ಲ್ಯಾಪರೋಸ್ಕೋಪಿಯಲ್ಲಿ ಅದನ್ನ ಸಾಮಾನ್ಯವಾಗಿ 12ರಿಂದ 15ಕ್ಕೆ ಏರಿಸುತ್ತಾರೆ. ಜೋರಾಗಿ ಕೆಮ್ಮಿದಾಗ ಇದಕ್ಕಿಂತ ಎಷ್ಟೋ ಪಟ್ಟು ಏರುತ್ತೆ, ಆದರೆ ಅದು ಒಂದು ಕ್ಷಣ ಮಾತ್ರ. ಇಲ್ಲಿ ಒಂದು ಗಂಟೆ, ಎರಡು ಗಂಟೆ, ದೊಡ್ಡ ಆಪರೇಷನ್ನಾದ್ರೆ ನಾಲ್ಕು ಗಂಟೆ ಹಾಗೇ ಇರುತ್ತೆ.

ಕಿಡ್ನಿಗಳು ಬೆನ್ನಿನ ಕಡೆ, ಹೊಟ್ಟೆಯ ಪೊರೆಯ ಹಿಂದೆ ಇವೆ. ಗ್ಯಾಸ್ ನೇರವಾಗಿ ಅವುಗಳನ್ನ ಮುಟ್ಟದಿದ್ದರೂ ಒತ್ತಡ ಮುಟ್ಟುತ್ತೆ. ಹೃದಯ ತಳ್ಳುವ ರಕ್ತದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಈ ಎರಡು ಮುಷ್ಟಿಯಷ್ಟು ಅಂಗಗಳಿಗೇ ಹೋಗುತ್ತೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಬಹುಪಾಲು ವಾಪಸ್ ಹೀರಿಕೊಂಡು, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಬಿಡುತ್ತವೆ. ಇಷ್ಟು ಸೋಸೋಕೆ ರಕ್ತ ಒಳಗೆ ಬರುವ ಒತ್ತಡ ಸರಿಯಾಗಿರಬೇಕು, ಹೊರಗೆ ಹೋಗುವ ದಾರಿ ಬಿಡುವಾಗಿರಬೇಕು.

ರಕ್ತ ತರುವ ಧಮನಿಯ ಗೋಡೆ ದಪ್ಪ, ಒಳಗೆ ಒತ್ತಡವೂ ಜಾಸ್ತಿ. ರಕ್ತ ಹೊರಗೆ ಒಯ್ಯುವ ಅಭಿಧಮನಿಯ ಗೋಡೆ ತೆಳು, ಒತ್ತಡ ಕಡಿಮೆ. ಹೊರಗಿನಿಂದ ಅದುಮಿದರೆ ಮೊದಲು ಸೊರಗೋದು ಹೊರಹೋಗುವ ದಾರಿಯೇ. ಹಿಂಜವಡಿಯಲ್ಲಿ ಕೆಲಸ ಮಾಡುವವರಿಗೆ ಇದನ್ನ ವಿವರಿಸಬೇಕಾಗಿಲ್ಲ: ಸಂಜೆ ಆರಕ್ಕೆ ಹೊರಗೆ ಹೋಗುವ ರಸ್ತೆ ಕಟ್ಟಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಒಳಗೆ ಬರುವ ಗಾಡಿಗಳೂ ನಿಂತುಬಿಡ್ತವೆ. ಕಿಡ್ನಿಯಲ್ಲೂ ಅಷ್ಟೇ.

ನಾವು ಥಿಯೇಟರ್‌ನಲ್ಲಿ ಮನಸ್ಸಿನಲ್ಲೇ ಮಾಡುವ ಒಂದು ಸಣ್ಣ ಲೆಕ್ಕ ಇದೆ. ಸರಾಸರಿ ಬಿಪಿಯಿಂದ ಹೊಟ್ಟೆಯ ಒತ್ತಡವನ್ನ ಎರಡು ಸಲ ಕಳೆದರೆ ಸೋಸುವಿಕೆಗೆ ಉಳಿಯುವ ಬಲದ ಅಂದಾಜು ಸಿಗುತ್ತೆ. ಎರಡು ಸಲ ಯಾಕೆ ಅಂದ್ರೆ, ಹೊಟ್ಟೆಯ ಒತ್ತಡ ಒಂದು ಕಡೆ ಕಿಡ್ನಿಗೆ ಬರುವ ರಕ್ತದ ಬಲವನ್ನ ತಗ್ಗಿಸುತ್ತೆ, ಇನ್ನೊಂದು ಕಡೆ ಸೋಸಿ ಹೊರಬಂದ ದ್ರವವನ್ನೂ ಹಿಂದಕ್ಕೆ ಅದುಮುತ್ತೆ. ಅರಿವಳಿಕೆಯಲ್ಲಿ ಸರಾಸರಿ ಬಿಪಿ 75 ಇದೆ, ಹೊಟ್ಟೆಯ ಒತ್ತಡ 5 ಅಂದುಕೊಳ್ಳಿ. ಉಳಿಯೋದು 65. ಒತ್ತಡ 15 ಆದಾಗ ಅದು 45ಕ್ಕೆ ಇಳಿಯುತ್ತೆ. ಅದೇ ಹೊತ್ತಿಗೆ ಬಿಪಿ 60ಕ್ಕೆ ಬಿದ್ದರೆ ಉಳಿಯೋದು ಬರೀ 30. ಇದು ಒರಟು ಲೆಕ್ಕ ನಿಜ, ಆದರೆ ಒಂದು ವಿಷಯವನ್ನ ಚೆನ್ನಾಗಿ ತೋರಿಸುತ್ತೆ. ಗ್ಯಾಸ್ ಒಂದೇ ಇದ್ದರೆ ಕಿಡ್ನಿ ನಿಭಾಯಿಸುತ್ತೆ, ಗ್ಯಾಸಿನ ಜೊತೆ ಬಿಪಿಯೂ ಕುಸಿದರೆ ಕಷ್ಟ. ಹಾಗಾಗಿಯೇ ವಯಸ್ಸಾದವರಲ್ಲಿ, ಕಿಡ್ನಿ ದುರ್ಬಲ ಇರುವವರಲ್ಲಿ ಸರ್ಜನ್ ಜೊತೆ ಮಾತಾಡಿ ಒತ್ತಡವನ್ನ 8ರಿಂದ 10ರಲ್ಲಿ ಇಡೋಕೆ ಸಾಧ್ಯವಾ ಅಂತ ನೋಡ್ತೇವೆ. ಎಲ್ಲ ಆಪರೇಷನ್ನಿನಲ್ಲೂ ಅದು ಆಗಲ್ಲ, ಜಾಗ ಸಾಲದೆ ಸರ್ಜನ್‌ಗೆ ಸರಿಯಾಗಿ ಕಾಣದಿದ್ದರೆ ಅದರಿಂದ ಆಗುವ ಅಪಾಯ ಇನ್ನೂ ದೊಡ್ಡದು.

ಇದರ ಮೇಲೆ ದೇಹದ ಹಾರ್ಮೋನುಗಳ ಆಟ. ಹೊಟ್ಟೆಯ ಒತ್ತಡದಿಂದ ಹೃದಯಕ್ಕೆ ಮರಳುವ ರಕ್ತ ಕಮ್ಮಿಯಾದಾಗ ದೇಹ "ನೀರು ಕಮ್ಮಿಯಾಗಿದೆ, ಉಳಿಸಿಕೋ" ಅಂತ ಅರ್ಥ ಮಾಡಿಕೊಳ್ಳುತ್ತೆ. ಮೆದುಳಿನಿಂದ ವ್ಯಾಸೋಪ್ರೆಸಿನ್, ಕಿಡ್ನಿಯಿಂದಲೇ ರೆನಿನ್, ಅದರ ಬೆನ್ನಿಗೆ ಆಲ್ಡೋಸ್ಟಿರಾನ್. ಎಲ್ಲವೂ ಸೇರಿ ಮೂತ್ರವನ್ನ ಕಟ್ಟುತ್ತವೆ. ಪಿತ್ತಕೋಶದ ಆಪರೇಷನ್ನಿನಲ್ಲಿ ಟೇಬಲ್ಲನ್ನ ತಲೆ ಮೇಲೆ, ಕಾಲು ಕೆಳಗೆ ಮಾಡಿ ಓರೆ ಮಾಡ್ತಾರೆ, ಆಗ ಕಾಲಿನಲ್ಲಿ ರಕ್ತ ನಿಂತು ಹೃದಯಕ್ಕೆ ಬರೋದು ಇನ್ನೂ ಕಮ್ಮಿ.

ಹೊಟ್ಟೆಯ ಒತ್ತಡಕ್ಕೂ ಕಿಡ್ನಿಗೂ ಇರುವ ಈ ನಂಟು ಲ್ಯಾಪರೋಸ್ಕೋಪಿಗಿಂತ ಹಳೆಯ ಸುದ್ದಿ. 1947ರಲ್ಲೇ ಬ್ರಾಡ್ಲಿ ಅನ್ನೋ ಒಂದೇ ಅಡ್ಡಹೆಸರಿನ ಇಬ್ಬರು ಅಮೆರಿಕದ ಸಂಶೋಧಕರು ಮನುಷ್ಯರ ಹೊಟ್ಟೆಯನ್ನ ಹೊರಗಿನಿಂದ ಅದುಮಿ, ಕಿಡ್ನಿಗೆ ಹೋಗುವ ರಕ್ತವೂ ಸೋಸುವಿಕೆಯೂ ಇಳಿಯೋದನ್ನ ಅಳೆದು ತೋರಿಸಿದ್ದರು. ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದದ್ದು ಅದಾಗಿ ಮೂವತ್ತೆಂಟು ವರ್ಷಕ್ಕೆ, 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ. ನಮ್ಮ ದೇಶದಲ್ಲಿ 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್‌ಟನ್ ಉದ್ವಾಡಿಯಾ. ಆಗಿನ ಹಿರಿಯ ಸರ್ಜನ್‌ಗಳಲ್ಲಿ ಅನೇಕರು ಇದನ್ನ ಒಂದು ಚಮತ್ಕಾರದ ಆಟ ಅಂತಲೇ ನೋಡಿದ್ದರು.

ಕಿಡ್ನಿಯ ವಿಷಯದಲ್ಲಿ ನನಗೆ ಹೆಚ್ಚು ಧೈರ್ಯ ಕೊಡುವ ಪುರಾವೆ ಬರೋದು ಕಿಡ್ನಿ ದಾನದಿಂದ. 1995ರಲ್ಲಿ ಬಾಲ್ಟಿಮೋರ್‌ನಲ್ಲಿ ರಾಟ್ನರ್ ಮತ್ತು ಕವೂಸಿ ಜೀವಂತ ದಾನಿಯ ಕಿಡ್ನಿಯನ್ನ ಮೊದಲ ಸಲ ಲ್ಯಾಪರೋಸ್ಕೋಪಿಯಿಂದ ತೆಗೆದರು. ಯೋಚನೆ ಮಾಡಿ, ಇಲ್ಲಿ ಎಷ್ಟು ಭಯ ಇರಬೇಕು. ಆರೋಗ್ಯವಾಗಿರುವ ಒಬ್ಬ ವ್ಯಕ್ತಿ, ಅವರ ಹೊಟ್ಟೆಗೆ ಮೂರ್ನಾಲ್ಕು ಗಂಟೆ ಗ್ಯಾಸ್. ಅದುಮಿಸಿಕೊಂಡ ಎರಡು ಕಿಡ್ನಿಗಳಲ್ಲಿ ಒಂದು ಇನ್ನೊಬ್ಬರ ಜೀವ ಉಳಿಸಬೇಕು, ಇನ್ನೊಂದು ದಾನಿಯನ್ನ ಜೀವನಪೂರ್ತಿ ಕಾಪಾಡಬೇಕು. ಮೊದಲ ವರ್ಷಗಳಲ್ಲಿ ಹೀಗೆ ತೆಗೆದ ಕಿಡ್ನಿ ಹೊಸ ದೇಹದಲ್ಲಿ ಕೆಲಸ ಶುರು ಮಾಡೋದು ಸ್ವಲ್ಪ ನಿಧಾನ ಅನ್ನೋದು ಕಂಡುಬಂತು. ದಾನಿಗೆ ಚೆನ್ನಾಗಿ ಡ್ರಿಪ್ ಕೊಡೋದು, ಮೂತ್ರ ಹರಿಯುವ ಹಾಗೆ ನೋಡಿಕೊಂಡು ಆಮೇಲೆ ಕಿಡ್ನಿ ತೆಗೆಯೋದು ರೂಢಿಗೆ ಬಂತು. ಒಂದು ವರ್ಷದ ನಂತರ ನೋಡಿದರೆ ಕೊಯ್ದು ತೆಗೆದ ಕಿಡ್ನಿಗೂ ಲ್ಯಾಪರೋಸ್ಕೋಪಿಯಿಂದ ತೆಗೆದ ಕಿಡ್ನಿಗೂ ಕೆಲಸದಲ್ಲಿ ವ್ಯತ್ಯಾಸ ಇರಲಿಲ್ಲ. ಇವತ್ತು ದೊಡ್ಡ ಕೇಂದ್ರಗಳಲ್ಲಿ ಇದೇ ಮಾಮೂಲಿ ದಾರಿ.

ನಮ್ಮ ದೇಶದಲ್ಲಿ ಕಿಡ್ನಿ ಕಸಿಯ ಬಹುಪಾಲು ಜೀವಂತ ದಾನಿಗಳಿಂದಲೇ ನಡೆಯುತ್ತೆ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು: ತಾಯಿ, ಹೆಂಡತಿ, ಅಕ್ಕ. ಕೊಟ್ಟ ಮೇಲೆ ಅವರನ್ನ ಮರೆಯೋದು ಕೂಡ ನಮ್ಮಲ್ಲಿ ಮಾಮೂಲಿ, ಅದಕ್ಕೇ ಈ ಮಾತು ಹೇಳ್ತಿದ್ದೇನೆ. ಒಂದು ಕಿಡ್ನಿ ಹೋದರೆ ಉಳಿದದ್ದು ಹೆಚ್ಚು ದುಡಿದು, ಒಟ್ಟು ಸೋಸುವ ಶಕ್ತಿ ಮೊದಲಿನ ಶೇಕಡಾ 60-70ರ ಹತ್ತಿರ ನಿಲ್ಲುತ್ತೆ. ಆ ತಾಯಿಗೆ ಹತ್ತು ವರ್ಷದ ನಂತರ ಪಿತ್ತಕೋಶದ ಆಪರೇಷನ್ ಬಂದರೆ, ಅವರನ್ನ ಎರಡು ಕಿಡ್ನಿ ಇರುವವರ ಹಾಗೆ ನೋಡೋಕಾಗಲ್ಲ. ಅರಿವಳಿಕೆ ಕೊಡುವವರಿಗೆ ಅದನ್ನ ಮೊದಲ ಮಾತಿನಲ್ಲೇ ಹೇಳಬೇಕು. ಲ್ಯಾಪರೋಸ್ಕೋಪಿಯ ಗಾಯ ಎಷ್ಟು ಚಿಕ್ಕದು ಅಂದ್ರೆ, ನಾವು ಕೇಳದಿದ್ರೆ ಎಷ್ಟೋ ಜನ ಅದನ್ನ ಹೇಳೋಕೇ ಮರೀತಾರೆ.

ಈಗ ಆ ವಾಟ್ಸಾಪ್ ಫೋಟೋದ ವಿಷಯಕ್ಕೆ ಬರೋಣ. ಕ್ರಿಯಾಟಿನಿನ್ ಒಂದನ್ನೇ ನೋಡಿ ಕಿಡ್ನಿ ಚೆನ್ನಾಗಿದೆ, ಇಲ್ಲ ಅಂತ ಹೇಳೋಕಾಗಲ್ಲ. ಅದು ಸ್ನಾಯುಗಳಿಂದ ಬರುವ ಕಸ, ಸ್ನಾಯು ಕಮ್ಮಿ ಇದ್ದವರಲ್ಲಿ ಸಂಖ್ಯೆಯೂ ಕಮ್ಮಿ. 30 ವರ್ಷದ ಹುಡುಗನಿಗೆ ಕ್ರಿಯಾಟಿನಿನ್ 1.2 ಇದ್ದರೆ, ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಅವನ ಇ-ಜಿಎಫ್‌ಆರ್ ಸುಮಾರು 83. ಅದೇ 1.2 ನಿಮ್ಮ 68 ವರ್ಷದ ಅಮ್ಮನಿಗಿದ್ದರೆ ಸುಮಾರು 49. ಲ್ಯಾಬಿನ ಕಾಗದದಲ್ಲಿ ಎರಡರ ಮುಂದೆಯೂ "ನಾರ್ಮಲ್" ಅಂತ ಇರಬಹುದು! 60ಕ್ಕಿಂತ ಕೆಳಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅದನ್ನ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತ ಕರೀತಾರೆ. ಹಾಗಾಗಿ ಫೋನಿನಲ್ಲಿ ನಾನು ಮೊದಲು ಕೇಳೋದು ವಯಸ್ಸು, ಆಮೇಲೆ ಹಳೇ ರಿಪೋರ್ಟು. ಎರಡು ವರ್ಷದಿಂದ 1.3ರಲ್ಲೇ ನಿಂತಿರೋದು ಒಂದು ಮಾತು, ಹೋದ ತಿಂಗಳು 0.9 ಇದ್ದದ್ದು ಈಗ 1.3 ಆಗಿರೋದು ಬೇರೆಯೇ ಮಾತು. ಎರಡನೆಯದಾದ್ರೆ, ತುರ್ತಿಲ್ಲದ ಆಪರೇಷನ್ನನ್ನ ಕಾರಣ ಗೊತ್ತಾಗೋವರೆಗೆ ಮುಂದೂಡಿ ಅಂತ ಹೇಳ್ತೇನೆ.

ಆಪರೇಷನ್ನಿನ ಹಿಂದಿನ ದಿನದ ಉಪವಾಸ ನನಗೆ ಬೇಜಾರು ತರಿಸುವ ವಿಷಯ. ಬೆಳಿಗ್ಗೆ ಆಪರೇಷನ್ ಅಂತ ಹಿಂದಿನ ಸಂಜೆ ಏಳಕ್ಕೇ ಊಟ ನಿಲ್ಲಿಸ್ತಾರೆ, ನೀರನ್ನೂ ನಿಲ್ಲಿಸ್ತಾರೆ. ಥಿಯೇಟರ್ ಖಾಲಿಯಾಗೋದು ಮಧ್ಯಾಹ್ನ ಎರಡಕ್ಕೆ. ಹತ್ತೊಂಬತ್ತು ಗಂಟೆ ಗಂಟಲು ಒಣಗಿಸಿಕೊಂಡ ಅಮ್ಮನ ಹೊಟ್ಟೆಗೆ ನಾವು ಗ್ಯಾಸ್ ತುಂಬ್ತೇವೆ. ಒಣಗಿದ ಕಿಡ್ನಿಗೆ ಅದೇ ಒತ್ತಡ ದುಪ್ಪಟ್ಟು ಭಾರ. ಸಾಮಾನ್ಯ ನಿಯಮ ಏನಂದ್ರೆ, ಇಡ್ಲಿಯಂಥ ಹಗುರ ಆಹಾರ ಆರು ಗಂಟೆ ಮುಂಚೆ ನಿಲ್ಲಿಸಬೇಕು, ಎಣ್ಣೆಯಲ್ಲಿ ಕರಿದದ್ದಾದ್ರೆ ಎಂಟು ಗಂಟೆ. ಬರೀ ನೀರು ಅಥವಾ ಹಾಲು ಹಾಕದ ಚಹಾ ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ವಾಂತಿ ಆಗ್ತಿರೋರು, ಬಹಳ ವರ್ಷದ ಸಕ್ಕರೆ ಕಾಯಿಲೆಯವರು, ತುರ್ತು ಆಪರೇಷನ್ನಿನವರು ಇದಕ್ಕೆ ಹೊರತು, ಅವರ ಡಾಕ್ಟರು ಹೇಳಿದ ಹಾಗೇ ನಡೀಬೇಕು. ಉಳಿದವರು "ನೀರು ಎಷ್ಟು ಗಂಟೆವರೆಗೆ ಕುಡೀಬಹುದು?" ಅಂತ ಬಾಯಿಬಿಟ್ಟು ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ.

ಡ್ರಿಪ್ ಬಗ್ಗೆ ಒಂದು ಮಾತು. ಮೂತ್ರ ಕಮ್ಮಿಯಾಯ್ತು ಅಂತ ಬಾಟ್ಲಿ ಮೇಲೆ ಬಾಟ್ಲಿ ಏರಿಸೋದು ಹಳೇ ಚಾಳಿ. ಗ್ಯಾಸ್ ಒತ್ತಿ ಹಿಡಿದಿರೋವಾಗ ಆ ನೀರು ಮೂತ್ರವಾಗಿ ಬರದೆ ಶ್ವಾಸಕೋಶದಲ್ಲಿ, ಕರುಳಿನ ಗೋಡೆಯಲ್ಲಿ ನಿಲ್ಲಬಹುದು. ಹಾಗಂತ ಕೈ ಬಿಗಿ ಮಾಡೋದೂ ಸರಿಯಲ್ಲ. 2018ರಲ್ಲಿ ಪ್ರಕಟವಾದ, ಹೊಟ್ಟೆಯ ದೊಡ್ಡ ಆಪರೇಷನ್ ಮಾಡಿಸಿಕೊಂಡ ಸುಮಾರು 3000 ಜನರ ಒಂದು ಅಧ್ಯಯನದಲ್ಲಿ, ಡ್ರಿಪ್ಪನ್ನ ತೀರಾ ಬಿಗಿ ಹಿಡಿದವರಲ್ಲಿ ಶೇಕಡಾ 8.6 ಜನಕ್ಕೆ, ಧಾರಾಳವಾಗಿ ಕೊಟ್ಟವರಲ್ಲಿ ಶೇಕಡಾ 5 ಜನಕ್ಕೆ ಕಿಡ್ನಿಗೆ ಪೆಟ್ಟಾಗಿತ್ತು. ಅದಕ್ಕೆ ನಾವು ಮೂತ್ರದ ಚೀಲವನ್ನ ಮಾತ್ರ ನೋಡದೆ ಬಿಪಿ, ನಾಡಿ, ರಕ್ತ ಹೋದ ಲೆಕ್ಕ ಎಲ್ಲವನ್ನೂ ಸೇರಿಸಿ ನೋಡ್ತೇವೆ. 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್ ಮೂತ್ರ ಬೇಕು ಅನ್ನೋದು ವಾಡಿಕೆಯ ಗುರಿ. ಗ್ಯಾಸ್ ಇರುವಾಗ ಅದು 15 ಆದರೂ, ಬಿಪಿ ಚೆನ್ನಾಗಿದ್ದರೆ, ನಾನು ಗಾಬರಿಯಾಗಲ್ಲ.

ಮಾತ್ರೆಗಳ ವಿಷಯ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಅಪ್ಪ ಅಮ್ಮಂದಿರಲ್ಲಿ ಅರ್ಧ ಜನ ಬಿಪಿಗೆ ಟೆಲ್ಮಿಸಾರ್ಟಾನ್ ತಗೋತಾರೆ. ಮಾತ್ರೆಯ ಹೆಸರಿನ ಕೊನೆಗೆ "ಎಚ್" ಇದ್ದರೆ ಅದರಲ್ಲಿ ಹೆಚ್ಚಾಗಿ ಹೈಡ್ರೋಕ್ಲೋರೋಥಯಾಜೈಡ್ ಅನ್ನೋ, ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿರುತ್ತೆ. ಈ ಎರಡರ ಮೇಲೆ ಆಪರೇಷನ್ ನೋವಿಗೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಅಥವಾ ಕೆಟೊರೊಲಾಕ್ ಬಿದ್ದರೆ ಮೂರು ಕಡೆಯಿಂದ ಏಟು. ನೋವಿನ ಮಾತ್ರೆ ಕಿಡ್ನಿಗೆ ರಕ್ತ ಬರುವ ಬಾಗಿಲನ್ನ ಕಿರಿದು ಮಾಡುತ್ತೆ, ಟೆಲ್ಮಿಸಾರ್ಟಾನ್ ಹೋಗುವ ಬಾಗಿಲನ್ನ ಅಗಲ ಮಾಡುತ್ತೆ, ಮೂರನೆಯದು ನೀರನ್ನ ಕಮ್ಮಿ ಮಾಡುತ್ತೆ. ಮಧ್ಯದಲ್ಲಿ ಸೋಸುವ ಜಾಗಕ್ಕೆ ಒತ್ತಡವೇ ಉಳಿಯಲ್ಲ. ಆಪರೇಷನ್ ಚೆನ್ನಾಗಿ ಆಗಿ, ಗ್ಯಾಸ್ ಬಿಟ್ಟು, ಮೂತ್ರ ಸರಿಹೋಗಿ, ಮನೆಗೆ ಹೋದ ಮೇಲೆ ನಾಲ್ಕನೇ ದಿನ ಕ್ರಿಯಾಟಿನಿನ್ ಏರಿದ್ದನ್ನ ಕಂಡಿದ್ದೇನೆ. ಡಿಸ್ಚಾರ್ಜ್ ಚೀಟಿಯಲ್ಲಿ ಐದು ದಿನಕ್ಕೆ ಬರೆದ ನೋವಿನ ಮಾತ್ರೆಯನ್ನ, ಪಕ್ಕದ ಮೆಡಿಕಲ್ ಶಾಪಿನಿಂದ ತರಿಸಿ ಇನ್ನೂ ಹತ್ತು ದಿನ ನುಂಗುವವರೂ ಇದ್ದಾರೆ. ಕಿಡ್ನಿ ದುರ್ಬಲ ಇದ್ದವರಿಗೆ ಪ್ಯಾರಾಸಿಟಮಾಲ್ ಇದೆ, ಗಾಯದ ಜಾಗದಲ್ಲೇ ಮರಗಟ್ಟಿಸುವ ಇಂಜೆಕ್ಷನ್ ಇದೆ. "ಕಿಡ್ನಿಗೆ ಆಗದ ನೋವಿನ ಮಾತ್ರೆ ಬೇಡ" ಅಂತ ನೀವೇ ಹೇಳಬಹುದು.

ಆಪರೇಷನ್ ದಿನ ಬೆಳಿಗ್ಗೆ ಟೆಲ್ಮಿಸಾರ್ಟಾನ್ ತಗೋಬೇಕಾ ಬಿಡಬೇಕಾ ಅನ್ನೋದರಲ್ಲಿ ಡಾಕ್ಟರುಗಳಲ್ಲೇ ಎರಡು ಪಂಗಡ ಇದೆ. ತಗೊಂಡರೆ ಅರಿವಳಿಕೆಯಲ್ಲಿ ಬಿಪಿ ಬೀಳೋದು ಹೆಚ್ಚು, ಹಾಗಾಗಿ ನಾನು ಸಾಮಾನ್ಯವಾಗಿ ಹಿಂದಿನ ದಿನವೇ ನಿಲ್ಲಿಸಿಸ್ತೇನೆ. ನಿಮ್ಮ ತಂದೆಗೆ ಅರಿವಳಿಕೆ ಕೊಡುವವರು ಬೇರೆ ಹೇಳಿದರೆ ಅವರ ಮಾತೇ ನಡೀಲಿ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತಗೋತಿದ್ರೆ ಮಾತ್ರ ಗೊಂದಲ ಇಲ್ಲ: ಮೊದಲೇ ದಿನ ಗೊತ್ತಾದ ಆಪರೇಷನ್ನಿಗೆ ಮೂರು ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ರೆ ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಅಪಾಯ ಇದೆ, ಸಕ್ಕರೆ ಸರಿಯಾಗಿರುವಾಗಲೂ. ಬದಲಿಗೆ ಏನು ತಗೋಬೇಕು ಅಂತ ಸಕ್ಕರೆ ನೋಡುವ ಡಾಕ್ಟರನ್ನ ಕೇಳಿ.

ಹಾಗಾದ್ರೆ ಕೊಯ್ದು ಮಾಡಿಸೋದೇ ಒಳ್ಳೇದಾ? ಬಹುತೇಕರಿಗೆ ಅಲ್ಲ. ದೊಡ್ಡ ಕೊಯ್ತದಲ್ಲಿ ಗ್ಯಾಸಿನ ಒತ್ತಡ ಇರಲ್ಲ ನಿಜ. ಆದರೆ ನೋವು ಹೆಚ್ಚು, ನೋವಿನ ಮಾತ್ರೆ ಹೆಚ್ಚು, ಎದ್ದು ಓಡಾಡೋದು ನಿಧಾನ, ಬಾಯಿಂದ ನೀರು ಕುಡಿಯೋದೂ ನಿಧಾನ. ಇವೆಲ್ಲವೂ ಕಿಡ್ನಿಗೇ ಬಂದು ಬೀಳುವ ಖರ್ಚು. ಕಿಡ್ನಿ ಕಾಯಿಲೆ ಮುಂದುವರಿದವರು, ಹೃದಯ ದುರ್ಬಲ ಇರುವವರು, ಬಹಳ ತೂಕ ಇದ್ದು ಹೊಟ್ಟೆಯ ಒತ್ತಡ ಮೊದಲೇ ಹೆಚ್ಚಿರುವವರು ತಮ್ಮ ಕಿಡ್ನಿ ಡಾಕ್ಟರು, ಸರ್ಜನ್, ಅರಿವಳಿಕೆಯವರು ಮೂವರಿಂದಲೂ ಕೇಳಿಕೊಂಡು ನಿರ್ಧಾರ ಮಾಡಬೇಕು.

ಆಪರೇಷನ್ ಆದ ಮೇಲೆ ಆರೆಂಟು ಗಂಟೆ ಮೂತ್ರವೇ ಬರಲಿಲ್ಲ ಅಂದ್ರೆ ನರ್ಸಿಗೆ ತಿಳಿಸಲೇಬೇಕು. ಕಿಡ್ನಿಯೇ ಕೆಟ್ಟಿದೆ ಅಂತ ಅದರ ಅರ್ಥ ಅಲ್ಲ. ಪ್ರಾಸ್ಟೇಟ್ ದೊಡ್ಡದಾಗಿರುವ ಅಪ್ಪಂದಿರಿಗೆ ಹರ್ನಿಯಾ ಆಪರೇಷನ್ ನಂತರ ಮೂತ್ರ ತಯಾರಾಗಿ ಮೂತ್ರಚೀಲದಲ್ಲೇ ಕಟ್ಟಿಕೊಳ್ಳೋದು ಬಹಳ ಸಾಮಾನ್ಯ, ಕಿಬ್ಬೊಟ್ಟೆ ಉಬ್ಬಿ ನೋಯುತ್ತೆ, ಒಂದು ನಳಿಕೆ ಹಾಕಿದರೆ ಮುಗೀತು. ಲ್ಯಾಪರೋಸ್ಕೋಪಿಯಿಂದ ಗರ್ಭಕೋಶ ತೆಗೆಸಿಕೊಂಡವರಿಗೆ ಆ ವಾರದಲ್ಲಿ ಸೊಂಟದ ಮೇಲೆ ಒಂದು ಪಕ್ಕೆಯಲ್ಲಿ ನೋವು, ಜ್ವರ, ಅಥವಾ ಕೆಳಗಿನಿಂದ ನೀರು ಸೋರಿದ ಹಾಗೆ ಆದರೆ ಮಾತ್ರ ತಡ ಮಾಡಬೇಡಿ. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳ ಗರ್ಭಕೋಶದ ಪಕ್ಕದಲ್ಲೇ ಹಾದುಹೋಗುತ್ತೆ, ಅಪರೂಪಕ್ಕೆ ಅದಕ್ಕೆ ಪೆಟ್ಟಾಗಬಹುದು. ಬೇಗ ಕಂಡುಹಿಡಿದರೆ ಸರಿಮಾಡಬಹುದು, "ಗ್ಯಾಸ್ ನೋವು" ಅಂತ ಕೂತರೆ ಆ ಕಡೆಯ ಕಿಡ್ನಿಗೇ ಕುತ್ತು.

ದೂರದಲ್ಲಿರುವವರು ಏನು ಮಾಡಬಹುದು ಅಂತ ಕೇಳ್ತೀರಿ. ಕಳೆದ ಎರಡು ವರ್ಷದ ಕ್ರಿಯಾಟಿನಿನ್ ಸಂಖ್ಯೆಗಳನ್ನ ತಾರೀಖಿನ ಜೊತೆ ಒಂದೇ ಹಾಳೆಯಲ್ಲಿ ಬರೆದು ಊರಿಗೆ ಕಳಿಸಿ. ಮಾತ್ರೆಗಳ ಹೆಸರು ಬೇಡ, ಪಟ್ಟಿಗಳ ಹಿಂಬದಿಯ ಫೋಟೋ ತರಿಸಿಕೊಳ್ಳಿ, ಒಳಗೆ ಏನಿದೆ ಅನ್ನೋದು ಅಲ್ಲಿರುತ್ತೆ. ಮೊಣಕಾಲು ನೋವಿಗೆ ಅಂತ ಅಮ್ಮ ನಿಮಗೆ ಹೇಳದೆ ತಗೋತಿರೋ ಮಾತ್ರೆಯೂ ಅದರಲ್ಲಿರಲಿ. ರಜೆ ಹಾಕೋದಾದ್ರೆ ಆಪರೇಷನ್ ದಿನಕ್ಕಿಂತ ಡಿಸ್ಚಾರ್ಜ್ ಆದ ಮೊದಲ ನಾಲ್ಕು ದಿನಕ್ಕೆ ಹಾಕಿ ಅನ್ನೋದು ನನ್ನ ಅಭಿಪ್ರಾಯ. ಥಿಯೇಟರ್ ಹೊರಗಿನ ಕುರ್ಚಿಯಲ್ಲಿ ಕೂತು ನೀವು ಮಾಡೋದು ಏನೂ ಇರಲ್ಲ, ಮನೆಯಲ್ಲಿ ನೀರು ಕುಡಿಸೋದು, ಮಾತ್ರೆ ನೋಡೋದು, ಮೂತ್ರ ಎಷ್ಟು ಸಲ ಆಯ್ತು ಅಂತ ಕೇಳೋದು ಬೇಕಾದಷ್ಟಿರುತ್ತೆ. ಇ-ಜಿಎಫ್‌ಆರ್ 60ಕ್ಕಿಂತ ಕಮ್ಮಿ ಇದ್ದವರಿಗೆ ಆ ವಾರದೊಳಗೆ ಒಂದು ಸಲ ಕ್ರಿಯಾಟಿನಿನ್ ಮತ್ತೆ ಮಾಡಿಸಿ. ಮೊದಲಿಗಿಂತ 0.3ರಷ್ಟು ಏರಿದ್ದರೂ ಸರ್ಜನ್‌ಗೆ ತೋರಿಸಿ.

ಮುಂದಿನ ವಾರ ಅಪ್ಪಂದಿರ ಪ್ರಾಸ್ಟೇಟ್ ಬಗ್ಗೆ ಮಾತಾಡೋಣ.